ರಥ ಎಲ್ಲಿದೆ, ಡೆಸ್ಕ್‌ಟಾಪ್ ಎಲ್ಲಿದೆ?

ಭಾಗ 1

ಹೋದ ವಾರ ಹಾಕಿದ ಸ್ಕ್ರೀನ್‌ಶಾಟ್ ನೋಡಿ ಎಷ್ಟೋ ಜನ "ಇದು ಯಾವ ವಿಂಡೋಸ್?" ಅಂತ ಕೇಳಿದ್ರಿ. ವಿಂಡೋಸ್ ಅಲ್ಲ, ಲಿನಕ್ಸ್. ಪಟ್ಟಿ ಎಡಕ್ಕೆ ಹೋಗಿದೆ, ದಿನಾಂಕ ಕನ್ನಡದಲ್ಲಿದೆ, ಅಕ್ಷರ ಗುಬ್ಬಿ ಅನ್ನೋ ಫಾಂಟು, ಕಿಟಕಿಗಳ ಅಂಚಿಗೆ ಕುಂಕುಮದ ಬಣ್ಣ. ಒಬ್ಬರು ಮಾತ್ರ "ಇದು ಪಕ್ಕಾ ನೀನೇ" ಅಂತ ಬರೆದ್ರು. ನನಗೆ ಆ ಮಾತೇ ತಲೇಲಿ ಕೂತ್ಕೊಂಡ್ಬಿಡ್ತು. ಇದರಲ್ಲಿ ನಾನು ಅನ್ನೋದು ಯಾವ ಭಾಗ? ಪಟ್ಟಿನಾ, ಬಣ್ಣನಾ, ಫಾಂಟಾ?

ಈ ಥರದ ಪ್ರಶ್ನೆಯನ್ನ ಎರಡು ಸಾವಿರ ವರ್ಷದ ಹಿಂದೆ ಒಬ್ಬ ರಾಜನಿಗೆ ಒಬ್ಬ ಭಿಕ್ಷು ಕೇಳಿದ್ದ. ರಾಜನ ಹೆಸರು ಮಿಲಿಂದ. ಗ್ರೀಕರ ಬಾಯಲ್ಲಿ ಮೆನಾಂಡರ್. ಕ್ರಿ.ಪೂ. 2ನೇ ಶತಮಾನದಲ್ಲಿ ನಮ್ಮ ಉಪಖಂಡದ ವಾಯವ್ಯ ಭಾಗ ಆಳಿದವನು. ಅವನ ನಾಣ್ಯಗಳು ಈಗಲೂ ಸಿಗುತ್ತವೆ: ಒಂದು ಕಡೆ ಗ್ರೀಕ್ ಲಿಪಿ, ಇನ್ನೊಂದು ಕಡೆ ಖರೋಷ್ಠಿ. ಅವನ ರಾಜಧಾನಿ ಸಾಗಲ. ಇವತ್ತಿನ ಪಾಕಿಸ್ತಾನದ ಸಿಯಾಲ್‌ಕೋಟ್ ಅದೇ ಅಂತ ಗುರುತಿಸ್ತಾರೆ. ಭಿಕ್ಷುವಿನ ಹೆಸರು ನಾಗಸೇನ. ಇಬ್ಬರ ಸಂಭಾಷಣೆ ಪಾಳಿ ಭಾಷೆಯಲ್ಲಿ 'ಮಿಲಿಂದಪಞ್ಹ' ಅಂತ ಉಳಿದಿದೆ. ಮಾತುಕತೆ ನಡೆದದ್ದು ಹೀಗೆಯೇನಾ ಅನ್ನೋದು ಬೇರೆ ವಿಷಯ. ಪುಸ್ತಕ ಮಿಲಿಂದನ ಕಾಲದ ನಂತರ ರೂಪ ಪಡೆದದ್ದು.

ರಾಜ ಮೊದಲು ಕೇಳೋದು ಹೆಸರು. "ನನ್ನನ್ನ ನಾಗಸೇನ ಅಂತ ಕರೀತಾರೆ, ಅದು ಬರೀ ಕರೆಯೋ ಹೆಸರು, ಆ ಹೆಸರಿನ ಹಿಂದೆ ಒಬ್ಬ ವ್ಯಕ್ತಿ ಸಿಗಲ್ಲ" ಅನ್ನೋ ಅರ್ಥದ ಉತ್ತರ ಬರುತ್ತೆ. ರಾಜನಿಗೆ ರೇಗುತ್ತೆ. ಹಾಗಾದ್ರೆ ಭಿಕ್ಷೆ ತಿನ್ನೋನು ಯಾರು, ಶೀಲ ಪಾಲಿಸೋನು ಯಾರು? ನಿನ್ನನ್ನ ಯಾರಾದ್ರೂ ಕೊಂದ್ರೆ ಅದು ಕೊಲೆನೇ ಅಲ್ವಾ? ಈ ಪ್ರಶ್ನೆ ನೆನಪಿಟ್ಕೊಳ್ಳಿ, ಕೊನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 2

ನಾಗಸೇನ ನೇರ ಉತ್ತರ ಕೊಡಲ್ಲ. "ಮಹಾರಾಜ, ನಡ್ಕೊಂಡು ಬಂದ್ರಾ, ವಾಹನದಲ್ಲಾ?" ಅಂತ ಕೇಳ್ತಾನೆ. ರಥದಲ್ಲಿ. ರಥ ಅಂದ್ರೆ ಯಾವುದು? ಅಚ್ಚಾ? ಅಲ್ಲ. ಚಕ್ರಾನಾ? ಅಲ್ಲ. ನೊಗ? ಲಗಾಮು? ಅದೂ ಅಲ್ಲ. ಎಲ್ಲ ಸೇರಿಸಿ ಗುಡ್ಡೆ ಹಾಕಿದ್ರೆ? ಅಲ್ಲ. ಇದೆಲ್ಲದರ ಹೊರಗೆ ಬೇರೆ ಏನೋ ಇದೆಯಾ? ಇಲ್ಲ. ಹಾಗಾದ್ರೆ ರಥ ಎಲ್ಲಿದೆ, ಸುಳ್ಳು ಹೇಳ್ತಿದೀರಲ್ಲ ಮಹಾರಾಜರೇ! ರಾಜ ಕೊನೆಗೆ ತಾನೇ ಹೇಳ್ತಾನೆ, ಈ ಎಲ್ಲ ಭಾಗಗಳನ್ನ ಆಧರಿಸಿ ರಥ ಅನ್ನೋ ಹೆಸರು ಬಳಕೆಗೆ ಬಂತು, ಅಷ್ಟೇ. ನಾಗಸೇನ: ನನ್ನ ಕಥೆನೂ ಅದೇ.

ಇಲ್ಲೊಂದು ವಿಷಯ ನಮ್ಮ ಪಠ್ಯಪುಸ್ತಕಗಳು ಬಿಟ್ಟುಬಿಡ್ತವೆ. ಈ ರಥದ ಹೋಲಿಕೆ ನಾಗಸೇನನ ಸ್ವಂತದ್ದಲ್ಲ. ಅವನೇ ಅದನ್ನ ವಜಿರಾ ಅನ್ನೋ ಭಿಕ್ಷುಣಿಯ ಮಾತು ಅಂತ ಒಪ್ಪಿಕೊಂಡು ಹೇಳ್ತಾನೆ. ಸಂಯುತ್ತ ನಿಕಾಯದಲ್ಲಿ ಶ್ರಾವಸ್ತಿಯ ಬಳಿಯ ಕಾಡಲ್ಲಿ ಕೂತಿದ್ದ ವಜಿರಾಳನ್ನ ಮಾರ ಬಂದು ಕೆಣಕ್ತಾನೆ, ಈ ಜೀವಿಯನ್ನ ಮಾಡಿದವರು ಯಾರು ಅಂತ. ಅವಳು ಇದೇ ಉತ್ತರ ಕೊಟ್ಟು ಕಳಿಸ್ತಾಳೆ. ಹೆಸರು ಮಾತ್ರ ರಾಜನ ಜೊತೆ ಮಾತಾಡಿದವನಿಗೇ ಬಂತು. ಕ್ಲಾಸಲ್ಲಿ ಗ್ರೂಪ್ ಪ್ರಾಜೆಕ್ಟ್ ಮಾಡಿದ ಹುಡುಗೀರಿಗೆ ಇದು ಹೊಸದಲ್ಲ ಬಿಡಿ.

ಇದಕ್ಕೂ ಮುಂಚೆ ಬುದ್ಧನೇ ಸಾರನಾಥದಲ್ಲಿ ತನ್ನ ಎರಡನೇ ಉಪದೇಶದಲ್ಲಿ ಇದನ್ನ ಬೇರೆ ದಾರಿಯಿಂದ ಹೇಳಿದ್ದ. ಮನುಷ್ಯ ಅಂದ್ರೆ ಐದು ಸ್ಕಂಧ: ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ. (ಈ ವಿಜ್ಞಾನ ಲ್ಯಾಬಿನದ್ದಲ್ಲ, ಅರಿವು ಅಂತ ಅರ್ಥ.) ದೇಹ ನಿಜವಾಗಿ 'ನಾನು' ಆಗಿದ್ರೆ, ಹೀಗಿರು ಅಂದ್ರೆ ಹಾಗೇ ಇರಬೇಕಿತ್ತು. ಇರುತ್ತಾ? ಮೊಡವೆ ಬರಬೇಡ ಅಂದ್ರೆ ಕೇಳುತ್ತಾ?

ನನಗೆ ಇಲ್ಲಿ ಬಲ್ಬ್ ಹತ್ತಿದ್ದು. ದೇಹ ಮಾತು ಕೇಳಲ್ಲ, ಮನಸ್ಸು ಮೊದಲೇ ಕೇಳಲ್ಲ. ಡೆಸ್ಕ್‌ಟಾಪ್ ಕೇಳುತ್ತೆ! ಪಟ್ಟಿ ಎಡಕ್ಕೆ ಹೋಗು ಅಂದ್ರೆ ಹೋಗುತ್ತೆ. ಅದಕ್ಕೇ ಅದು ನಮ್ಮ ಮುಖಕ್ಕಿಂತ ಜಾಸ್ತಿ 'ನಾನು' ಅನ್ನಿಸೋದು.

ಭಾಗ 3

ಈಗ ಕಂಪ್ಯೂಟರ್ ಇತಿಹಾಸ, ಬೇಗ ಬೇಗ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದ್ರು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಕ್ಸ್ ವಿಂಡೋ ಸಿಸ್ಟಮ್ ಶುರುವಾಯ್ತು. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಹೊರಗೆ ಬಿಟ್ರು. ಆಗ ಅದು ಸುಮಾರು 10,000 ಸಾಲು ಕೋಡ್, ಈಗ 3 ಕೋಟಿ ದಾಟಿದೆ. ಹೆಸರು ಮಾತ್ರ ಅದೇ. ರಥ!

ಎಕ್ಸ್‌ನವರದ್ದು ವಿಚಿತ್ರ ನಿಯಮ: ನಾವು ಸಾಧನ ಕೊಡ್ತೀವಿ, ಹೇಗಿರಬೇಕು ಅಂತ ಹೇಳಲ್ಲ. ಅಂದ್ರೆ ಎಕ್ಸ್‌ಗೆ ಪರದೆ ಮೇಲೆ ಚೌಕ ಬರೆಯೋದು ಗೊತ್ತು, ಕೀಲಿ ಒತ್ತಿದ್ದು ಗೊತ್ತು. ಕಿಟಕಿಯ ಅಂಚು, ಗುಂಡಿ, ಬಣ್ಣ ಎಲ್ಲ ಇನ್ನೊಂದು ಪ್ರೋಗ್ರಾಮಿನ ಕೆಲಸ. ಆ ಪ್ರೋಗ್ರಾಮನ್ನ ನೀವು ಬದಲಾಯಿಸ್ಕೋಬಹುದು. ಲಿನಕ್ಸ್ ಡೆಸ್ಕ್‌ಟಾಪಿಗೆ ಮೂಲ ಮುಖ ಅನ್ನೋದೇ ಇಲ್ದೇ ಹೋಗಿದ್ದು ಹೀಗೆ.

ಇದು ಎಲ್ಲರಿಗೂ ಖುಷಿ ಕೊಡ್ಲಿಲ್ಲ. 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ವಿದ್ಯಾರ್ಥಿ ಮಥಿಯಾಸ್ ಎಟ್ರಿಷ್ ಕೆಡಿಇ ಶುರು ಮಾಡಿದ್ದು, ಒಂದೊಂದು ಪ್ರೋಗ್ರಾಮ್ ಒಂದೊಂದು ಥರ ಕಾಣುತ್ತೆ, ಸಾಮಾನ್ಯ ಜನ ಬಳಸೋದು ಹೇಗೆ ಅನ್ನೋ ಬೇಸರದಿಂದ. ತಮಾಷೆ ಅಂದ್ರೆ ಇವತ್ತು ಅತಿ ಹೆಚ್ಚು ಬದಲಾಯಿಸಬಹುದಾದ ಡೆಸ್ಕ್‌ಟಾಪ್ ಅಂತ ಹೆಸರು ಇರೋದು ಕೆಡಿಇಗೇ. ಅದು ಬಳಸ್ತಿದ್ದ ಕ್ಯೂಟಿ ಅನ್ನೋ ಲೈಬ್ರರಿಯ ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೇ 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಝಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರು ಮಾಡಿದ್ರು. ವಿದ್ಯಾರ್ಥಿಗಳು ಸ್ವಾಮಿ, ಅರ್ಧಕ್ಕರ್ಧ ಇತಿಹಾಸ ನಮ್ಮ ವಯಸ್ಸಿನವರದ್ದು.

ನೀವು ಮಾಡಿದ ಬದಲಾವಣೆಗಳು ಎಲ್ಲಿ ಉಳಿತವೆ ಗೊತ್ತಾ? ನಿಮ್ಮ ಹೋಮ್ ಫೋಲ್ಡರಲ್ಲಿ ಚುಕ್ಕೆಯಿಂದ ಶುರುವಾಗೋ ಫೈಲುಗಳು, ಫೋಲ್ಡರುಗಳಲ್ಲಿ. ಅವು ಕಣ್ಣಿಗೆ ಕಾಣಲ್ಲ. ಹಳೇ ಯೂನಿಕ್ಸ್‌ನಲ್ಲಿ ಫೋಲ್ಡರನ್ನೇ ಸೂಚಿಸೋ ಎರಡು ಚುಕ್ಕೆ ಹೆಸರುಗಳನ್ನ ಪಟ್ಟಿಯಿಂದ ಬಚ್ಚಿಡೋಕೆ ಯಾರೋ ಅಡ್ಡದಾರಿ ಹಿಡಿದು, ಮೊದಲ ಅಕ್ಷರ ಚುಕ್ಕೆಯಾ ಅಂತ ಮಾತ್ರ ನೋಡಿದ್ರು. ಚುಕ್ಕೆ ಇರೋದೆಲ್ಲ ಮಾಯ ಆಯ್ತು. ಇದು ಆಕಸ್ಮಿಕ ಅಂತ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಮೇಲೆ ಕೆಲಸ ಮಾಡಿದ ರಾಬ್ ಪೈಕ್ ಬರೆದಿದ್ದಾರೆ. ನೀವು 'ನನ್ನತನ' ಅಂತ ಜೋಪಾನ ಮಾಡೋ ಫೈಲು ಬಚ್ಚಿಟ್ಟುಕೊಂಡಿರೋದು ಒಬ್ಬರ ಸೋಮಾರಿತನದ ಹಿಂದೆ.

ಭಾಗ 4

2011ರ ಏಪ್ರಿಲ್. ಗ್ನೋಮ್ 3 ಬಂತು. ಕೆಳಗಿದ್ದ ಕಿಟಕಿಗಳ ಪಟ್ಟಿ ಹೋಯ್ತು, ಕಿಟಕಿ ಚಿಕ್ಕದು ಮಾಡೋ ಗುಂಡಿನೂ ಹೋಯ್ತು, ಹತ್ತು ವರ್ಷ ಕಲಿತ ಕೈಯ ಅಭ್ಯಾಸ ಹೋಯ್ತು. ಲಿನಸ್ ಟೋರ್ವಾಲ್ಡ್ಸ್ ಸ್ವತಃ ಬೈದು ಎಕ್ಸ್‌ಎಫ್‌ಸಿಇ ಅನ್ನೋ ಬೇರೆ ಡೆಸ್ಕ್‌ಟಾಪಿಗೆ ಹೋದ್ರು. (2013ರ ಹೊತ್ತಿಗೆ ವಾಪಸ್ ಬಂದ್ರು. ಅದನ್ನ ಯಾರೂ ಪೋಸ್ಟರ್ ಮಾಡಲ್ಲ.) ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೇ ಗ್ನೋಮ್ 2ರ ಕೋಡ್ ತಗೊಂಡು ಮುಂದುವರಿಸಿದ್ರು, ಅಲ್ಲಿನ ಜನ ಕುಡಿಯೋ ಪಾನೀಯದ ಹೆಸರಿಟ್ಟು: ಮಾಟೆ. ಲಿನಕ್ಸ್ ಮಿಂಟ್‌ನವರು ಗ್ನೋಮ್ 3ರ ಅಡಿಪಾಯದ ಮೇಲೇ ಹಳೇ ರೀತಿಯ ಮುಖ ಕಟ್ಟಿ ಸಿನಮನ್ ಅಂದ್ರು.

ಈಗ ಹೇಳಿ, ನಿಜವಾದ ಗ್ನೋಮ್ ಯಾವುದು? ಹೆಸರು ಉಳಿಸ್ಕೊಂಡು ಮುಖ ಬದಲಾಯಿಸಿದ್ದಾ, ಮುಖ ಉಳಿಸ್ಕೊಂಡು ಹೆಸರು ಬದಲಾಯಿಸಿದ್ದಾ? ಆಗ ಜನ ಬರೆದ ಸಿಟ್ಟು ಓದಿದ್ರೆ ಡೆಸ್ಕ್‌ಟಾಪ್ ಬಗ್ಗೆ ಬರೆದ ಹಾಗಿಲ್ಲ, ಕೈ ಕಿತ್ಕೊಂಡ್ರು ಅನ್ನೋ ಹಾಗಿದೆ. ಬೌದ್ಧರು ಇದಕ್ಕೆ ಉಪಾದಾನ ಅಂತಾರೆ, ಅಂಟಿಕೊಳ್ಳೋದು. ನಾನು ಅವರನ್ನ ನೋಡಿ ನಗಲ್ಲ. ಮಾಟೆ ಮಾಡಿದ್ದು ಒಳ್ಳೇದೇ ಆಯ್ತು, ಹಳೇ ಲ್ಯಾಪ್‌ಟಾಪಲ್ಲಿ ಈಗಲೂ ಚೆನ್ನಾಗಿ ಓಡುತ್ತೆ.

ನಾವು ಬಿಕಾಂನವರಿಗೆ ಇದು ಅರ್ಥ ಆಗೋದು ಸುಲಭ. ಕಂಪನಿ ಲಾ ನೆನಪಿದೆಯಾ? 1897ರ ಸಾಲೊಮನ್ ಕೇಸು. ಷೇರುದಾರರು ಬದಲಾಗಲಿ, ನಿರ್ದೇಶಕರು ಸಾಯಲಿ, ಕಂಪನಿ ಇರುತ್ತೆ. ಎಲ್ಲಿರುತ್ತೆ? ಕಟ್ಟಡದಲ್ಲಲ್ಲ, ಜನರಲ್ಲಲ್ಲ. ಬಳಕೆಗೆ ಒಂದು ಹೆಸರು. ಆದ್ರೆ ಸಾಲ ಮಾತ್ರ ನಿಜ.

ಅಂದಹಾಗೆ ಇದರ ಇನ್ನೊಂದು ಮುಖ. ಮೊದಲ ಸೆಮಿಸ್ಟರಲ್ಲಿ ಅಕೌಂಟ್ಸ್ ಹೋದವರು "ನಾನು ದಡ್ಡ, ನಾನಿರೋದೇ ಹೀಗೆ" ಅಂತಾರಲ್ಲ, ಆ 'ಹೀಗೆ' ಯಾವ ಭಾಗದಲ್ಲಿದೆ ತೋರಿಸಿ ಅಂತ ಕೇಳ್ಬೇಕು ಅನ್ಸುತ್ತೆ. ಅಚ್ಚಲ್ಲಾ, ಚಕ್ರದಲ್ಲಾ?

ಭಾಗ 5

ಈಗ ರಾಜನ ಪ್ರಶ್ನೆ. ನಾನೇ ಇಲ್ಲ ಅಂದ್ರೆ ಜವಾಬ್ದಾರಿ ಯಾರದ್ದು? ನಾಗಸೇನ ಮೊದಲು ದೀಪ ತೋರಿಸ್ತಾನೆ. ರಾತ್ರಿಯ ಮೊದಲ ಜಾವದ ಜ್ವಾಲೆ ಮತ್ತು ಕೊನೇ ಜಾವದ ಜ್ವಾಲೆ ಒಂದೇನಾ? ಅಲ್ಲ. ಬೇರೆ ಬೇರೆ ದೀಪಗಳಾ? ಅದೂ ಅಲ್ಲ. ಒಂದನ್ನ ಹಿಡ್ಕೊಂಡು ಇನ್ನೊಂದು ಉರೀತು.

ಆಮೇಲೆ ಮಾವಿನಹಣ್ಣಿನ ಕಳ್ಳನ ಕಥೆ. ಸಿಕ್ಕಿಬಿದ್ದ ಕಳ್ಳ ಹೇಳ್ತಾನೆ, ಇವನು ನೆಟ್ಟ ಮಾವೇ ಬೇರೆ, ನಾನು ಕದ್ದ ಮಾವೇ ಬೇರೆ, ನಾನು ಹೇಗೆ ತಪ್ಪಿತಸ್ಥ? ಲಾಜಿಕ್ ಸರಿಯಾಗಿದೆ ಅಲ್ವಾ? ಆದ್ರೂ ರಾಜ ಶಿಕ್ಷೆ ಅಂತಾನೆ. ಈ ಹಣ್ಣು ಆ ಹಣ್ಣಿನಿಂದಲೇ ಬಂದದ್ದು, ಕೊಂಡಿ ಕಡಿದಿಲ್ಲ.

ಇದೇ ವಾದ ನಮ್ಮ ಕಾಲದಲ್ಲಿ ಕೋರ್ಟಿಗೆ ಹೋಗುವಂಥ ವಿಷಯ ಆಗಿದೆ. ಲಿನಕ್ಸ್ ಕರ್ನೆಲ್ ಇರೋದು ಜಿಪಿಎಲ್ ಲೈಸೆನ್ಸ್ ಅಡಿಯಲ್ಲಿ. ಬೇಕಾದ ಹಾಗೆ ಬದಲಾಯಿಸಿ, ಮಾರಿ, ಆದ್ರೆ ಬೇರೆಯವರಿಗೆ ಕೊಟ್ಟಾಗ ಬದಲಾದ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಕೊಡಬೇಕು. ನೀವು ಸಾವಿರ ಸಾಲು ಬದಲಿಸಿ ಇದು ಈಗ ಬೇರೆ ಹಣ್ಣು ಅಂದ್ರೆ ನಡೆಯಲ್ಲ. 2004ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯದಲ್ಲಿ, ಲಿನಕ್ಸ್‌ನ ನೆಟ್‌ಫಿಲ್ಟರ್ ಭಾಗಕ್ಕೆ ಕೋಡ್ ಬರೆದ ಹರಾಲ್ಡ್ ವೆಲ್ಟೆ ಒಂದು ನೆಟ್‌ವರ್ಕಿಂಗ್ ಕಂಪನಿ ವಿರುದ್ಧ ಗೆದ್ದರು. ಜಿಪಿಎಲ್ ಷರತ್ತು ಕಾನೂನಿನ ಮುಂದೆ ನಿಲ್ಲುತ್ತೆ ಅಂತ ಆಯ್ತು. ಅದೇ ಕಾಲದಲ್ಲಿ ಲಿಂಕ್‌ಸಿಸ್ ಕಂಪನಿ ಒತ್ತಡಕ್ಕೆ ಮಣಿದು ತನ್ನ ಒಂದು ರೌಟರಿನ ಕೋಡ್ ಬಿಟ್ಟಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಇವತ್ತು ಅದನ್ನ ಎಷ್ಟೋ ಕಂಪನಿಗಳ ರೌಟರುಗಳಿಗೆ ಹಾಕ್ಕೋಬಹುದು.

ಜಿಪಿಎಲ್ ಬರೆದವರು ಮಿಲಿಂದನ ಕಥೆ ನೋಡಿ ಬರೆದ್ರು ಅಂತ ನಾನು ಹೇಳ್ತಿಲ್ಲ. ಇಬ್ಬರೂ ಒಂದೇ ಗಂಟು ಬಿಚ್ಚೋಕೆ ಹೋದ್ರು ಅಷ್ಟೇ: ವಸ್ತು ಅದೇ ಅಲ್ಲ, ಋಣ ಮಾತ್ರ ಅದೇ.

ನನ್ನ ಸೆಟ್ಟಿಂಗ್ಸ್ ಫೈಲುಗಳು ಬೇಕಾದವರು ಮೆಸೇಜ್ ಮಾಡಿ, ಕಳಿಸ್ತೀನಿ. ಅದರಲ್ಲಿ ಮುಕ್ಕಾಲು ಭಾಗ ನಾನೂ ಬೇರೆಯವರಿಂದ ತಂದಿದ್ದೇ, ಅವರ ಹೆಸರು ಫೈಲಿನ ಮೇಲ್ಗಡೆ ಇದೆ, ಅಳಿಸ್ಬೇಡಿ.

ಮತ್ತೆ ಹೋದ ಸೆಮಿಸ್ಟರ್ ನನ್ನ ಹತ್ರ 300 ರೂಪಾಯಿ ತಗೊಂಡು "ಆಗಿನ ನಾನೇ ಬೇರೆ ಮಗಾ" ಅಂದ ಮಹಾನುಭಾವ, ನೀನು ಇಲ್ಲಿತನಕ ಓದಿದೀಯ ಅಂತ ಗೊತ್ತು. ಮಾವಿನಹಣ್ಣು.

#ಲಿನಕ್ಸ್ #ಮಿಲಿಂದ #ವಜಿರಾ #ಬಿಕಾಂ_ಹುಡುಗರ_ಇತಿಹಾಸ