ಉಸ್ತುವಾರಿಯ ಖರ್ಚು ಯಾರ ಲೆಕ್ಕಕ್ಕೆ?

ಗ್ರಾಮ ಪಂಚಾಯಿತಿಯೊಂದು ಬೀದಿದೀಪದ ಕರೆಂಟ್ ಬಿಲ್ ಕಟ್ಟಲಾಗದೆ ಕೈಚೆಲ್ಲಿದರೆ ಈಗೀಗ ಕೇಳಿಬರುವ ಉತ್ತರ ಒಂದೇ: ಅಲ್ಲಿ ದುಡ್ಡು ಸೋರುತ್ತಿದೆ, ಆಡಿಟ್ ಬಿಗಿ ಮಾಡಿ. ಬೆಂಗಳೂರು ಗ್ರಾಮಾಂತರದ ವಿಷಯವಾದರಂತೂ ಇನ್ನೊಂದು ಮಾತೂ ಸೇರುತ್ತದೆ. ವಿಮಾನ ನಿಲ್ದಾಣವಿರುವ ದೇವನಹಳ್ಳಿಗೆ, ಕಾರ್ಖಾನೆಗಳಿರುವ ದಾಬಸ್‌ಪೇಟೆಗೆ ದುಡ್ಡಿಗೇನು ಬರ? ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರದ ನಡುವೆಯೇ ವರ್ಷಗಳನ್ನು ಕಳೆದ ನನಗೆ ಈ ಮಾತುಗಳು ಕಾಯಿಲೆ ನೋಡದೆ ಬರೆದ ಔಷಧಿ ಚೀಟಿಯಂತೆ ಕಾಣುತ್ತವೆ. ಆಡಿಟ್ ಬಿಗಿಯಾಗಲೇಬೇಕು. ಆದರೆ ಅದರ ಖರ್ಚು ಯಾರು ಹೊರಬೇಕು?

ಹಳೆಯ ಕಾಲದಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ, 1964ರ ಪುರಸಭೆಗಳ ಕಾಯ್ದೆಗಳ ದಿನಗಳಲ್ಲಿ ಸರ್ಕಾರದ ಕೈಯಲ್ಲಿದ್ದ ದೊಡ್ಡ ಅಸ್ತ್ರ ಸೂಪರ್‌ಸೀಡ್. ಸಭೆಯನ್ನು ಬರ್ಖಾಸ್ತು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸಿದರೆ ಆಯಿತು. ಬಾಕಿ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಛಲದಿಂದ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಹಿಂದಿನ ವರ್ಷವಷ್ಟೇ ಹುಟ್ಟಿದ್ದ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಪರಿಷತ್ತಿಗೆ ಅಧ್ಯಕ್ಷರಾಗಿದ್ದ ಸಿ. ನಾರಾಯಣಸ್ವಾಮಿ ಅವರೇ ಮುಂದೆ 5ನೇ ರಾಜ್ಯ ಹಣಕಾಸು ಆಯೋಗದ ಅಧ್ಯಕ್ಷರಾದರು. 1993ರ ಪಂಚಾಯತ್ ರಾಜ್ ಕಾಯ್ದೆ ಕೆಲಸ ಹಂಚಿತು: ಗ್ರಾಮ ಪಂಚಾಯಿತಿಗಳ ಲೆಕ್ಕ ರಾಜ್ಯ ಲೆಕ್ಕಪತ್ರ ಇಲಾಖೆಗೆ, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳದ್ದು ಮಹಾಲೇಖಪಾಲರಿಗೆ.

ಉಸ್ತುವಾರಿಗೂ ಬೆಲೆಯಿದೆ ಎಂಬುದನ್ನು ಅಂಕಿಯಲ್ಲಿ ಬರೆದದ್ದು ಎ.ಎಂ. ಖುಸ್ರೋ ಅಧ್ಯಕ್ಷತೆಯ 11ನೇ ಕೇಂದ್ರ ಹಣಕಾಸು ಆಯೋಗ, 2000ದಲ್ಲಿ. ಲೆಕ್ಕ ಬರೆಯಲು ಪಂಚಾಯಿತಿಗೆ ವರ್ಷಕ್ಕೆ ಸರಾಸರಿ 4,000 ರೂಪಾಯಿ. ಲೆಕ್ಕ ಮತ್ತು ಆಡಿಟ್ ಮೇಲ್ವಿಚಾರಣೆಗೆಂದು ಸ್ಥಳೀಯ ಸಂಸ್ಥೆಗಳ ಒಟ್ಟು ವೆಚ್ಚದ ಶೇ 0.5ರಷ್ಟು ಸಿಎಜಿ ಕೈಗೆ. ತಿಂಗಳಿಗೆ ಮುನ್ನೂರು ಚಿಲ್ಲರೆ ರೂಪಾಯಿಗೆ ಯಾವ ಲೆಕ್ಕಿಗನೂ ಸಿಗುವುದಿಲ್ಲ, ನಿಜ. ಆದರೂ ಕೆಲಸ ಹೇಳಿದವರೇ ಕಾಸು ಕೊಡಬೇಕೆಂಬ ತತ್ವವನ್ನು ಆ ಆಯೋಗ ಒಪ್ಪಿತ್ತು. ಅನಂತರ ಬಂದವರು ಅದನ್ನು ಕೈಬಿಟ್ಟದ್ದು ದೊಡ್ಡ ನಷ್ಟ.

ನನ್ನ ತಲೆಮಾರು ನಂಬಿದ ದಾರಿ ಜೋಡಿ ನಮೂದಿನದು. 2001ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ನಿಧಿ ಆಧಾರಿತ ಲೆಕ್ಕಪದ್ಧತಿ ಶುರುವಾದಾಗ ನಮಗೆ ಹೊಸ ಕಣ್ಣು ಬಂದಂತಾಯಿತು. 2006ರ ಪುರಸಭಾ ಲೆಕ್ಕಪತ್ರ ನಿಯಮಗಳು ಅದನ್ನು ಸಣ್ಣ ಊರುಗಳಿಗೂ ತಂದವು. ದೊಡ್ಡಬಳ್ಳಾಪುರ, ಹೊಸಕೋಟೆ, ವಿಜಯಪುರದಂಥ ಊರುಗಳೂ ಆಸ್ತಿ-ಹೊಣೆ ಪಟ್ಟಿ ಸಿದ್ಧಪಡಿಸಬೇಕಾಯಿತು. ಹಳೆಯ ನಗದು ಪುಸ್ತಕದಲ್ಲಿ ಕಟ್ಟದ ಬಿಲ್ಲಿಗೆ ಜಾಗವೇ ಇರಲಿಲ್ಲ. ದುಡ್ಡು ಕೈಬಿಟ್ಟಾಗ ಮಾತ್ರ ಖರ್ಚು. ಗುತ್ತಿಗೆದಾರನ ಬಾಕಿ, ಬೆಸ್ಕಾಂ ಬಾಕಿ ಎಷ್ಟೇ ಬೆಳೆದರೂ ಕೊನೆಯ ಸಾಲಿನಲ್ಲಿ ಶಿಲ್ಕು ತೋರುತ್ತಿತ್ತು. ಬಾಕಿಯನ್ನೂ ಹೊಣೆಯೆಂದು ಬರೆಯುವ ಜೋಡಿ ನಮೂದು ಬಂದ ಮೇಲೆ ಸಂಕಟ ವರ್ಷಗಳ ಮೊದಲೇ ಕಣ್ಣಿಗೆ ಬೀಳುವಂತಾಯಿತು. ಈ ಸುಧಾರಣೆಯನ್ನು ಬರೀ ಸಾಫ್ಟ್‌ವೇರ್ ಕಥೆಯೆಂದು ಹೇಳುವವರು ಅದರ ತಿರುಳನ್ನೇ ಬಿಟ್ಟಿದ್ದಾರೆ.

ಇದೇ ಹೊತ್ತಿನಲ್ಲಿ ಬಂದ 2003ರ ಕರ್ನಾಟಕ ಸ್ಥಳೀಯ ನಿಧಿ ಪ್ರಾಧಿಕಾರಗಳ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಈಗ ಯಾರ ಬಾಯಲ್ಲೂ ಇಲ್ಲ. ಬಜೆಟ್ಟಿನೊಂದಿಗೆ ಮಧ್ಯಮಾವಧಿ ವಿತ್ತೀಯ ಯೋಜನೆ ಕೊಡಿ ಎಂಬ ಅದರ ಕಲ್ಪನೆ ದೊಡ್ಡದು. ಆದರೆ ಅಂಥ ಯೋಜನೆ ಬರೆಯಬಲ್ಲ ಸಿಬ್ಬಂದಿ ಪುರಸಭೆಯಲ್ಲಿ ಇಲ್ಲದಿದ್ದರೆ ಕಾಯ್ದೆ ಪುಸ್ತಕದಲ್ಲೇ ಉಳಿಯುತ್ತದೆ.

14ನೇ ಕೇಂದ್ರ ಹಣಕಾಸು ಆಯೋಗದ ಕಾಲಕ್ಕೆ ಗಾಳಿ ತಿರುಗಿತು. ಸಾಧನಾ ಅನುದಾನ ಬೇಕಾದರೆ ಆಡಿಟ್ ಆದ ಲೆಕ್ಕ ತನ್ನಿ ಎಂದರು. 15ನೇ ಆಯೋಗ ಆ ಲೆಕ್ಕ ಆನ್‌ಲೈನ್‌ನಲ್ಲಿ ಇದ್ದರೆ ಮಾತ್ರ ಅನುದಾನ ಎಂದಿತು. ಶಿಸ್ತು ಸರಿ. ಆದರೆ ಲೆಕ್ಕಿಗನಿಲ್ಲದ ಪಂಚಾಯಿತಿಗೆ ಲೆಕ್ಕವೂ ಇಲ್ಲ, ಹಾಗಾಗಿ ಹಣವೂ ಇಲ್ಲ. ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಗಾದರೆ ಯೋಜನಾ ವೆಚ್ಚದ ಶೇ 0.5ರವರೆಗೆ ಕೇಂದ್ರವೇ ಕೊಡುತ್ತಿತ್ತು. ಅದು ಹಳ್ಳಿಹಳ್ಳಿಗೂ ತಲುಪಿದ್ದರ ಹಿಂದೆ ಆ ಹಣವಿದೆ.

ಪಂಚಾಯಿತಿ ಕಚೇರಿಯಲ್ಲಿ ಆಡಿಟ್ ವರದಿ ತೆರೆದರೆ ಕಾಣುವುದು ಎರಡು ಮೊತ್ತ: ಆಕ್ಷೇಪಣೆಯಲ್ಲಿಟ್ಟದ್ದು, ವಸೂಲಾತಿಗೆ ಸೂಚಿಸಿದ್ದು. ಕಂಡಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸಾಲು, ‘ದಾಖಲೆ ಹಾಜರುಪಡಿಸಿಲ್ಲ’. ಇನ್ನೊಂದು, ‘ಸೆಸ್ ಜಮೆ ಮಾಡಿಲ್ಲ’. ನೂರು ರೂಪಾಯಿ ಮನೆಗಂದಾಯದ ಮೇಲೆ ಆರೋಗ್ಯಕ್ಕೆ 15, ಶಿಕ್ಷಣಕ್ಕೆ 10, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3 ರೂಪಾಯಿ ಸೆಸ್ಸನ್ನು ಪಂಚಾಯಿತಿ ಬೇರೆಯವರಿಗಾಗಿ ವಸೂಲು ಮಾಡುತ್ತದೆ. ಕೈಯಲ್ಲಿ ಕಾಸಿಲ್ಲದಾಗ ಅದು ನೀರಗಂಟಿಯ ಸಂಬಳಕ್ಕೆ ಹೋಗಿರುತ್ತದೆ. ಇದು ತಪ್ಪೇ. ಆದರೆ ಕಳ್ಳತನವಲ್ಲ, ಬಡತನದ ಲಕ್ಷಣ. ಅನುಪಾಲನಾ ವರದಿ ಕೇಳುವ ವ್ಯವಸ್ಥೆ ನಮ್ಮಲ್ಲಿದೆ. ಕುಳಿತು ಸರಿಪಡಿಸಿಕೊಡುವವರನ್ನು ಕಳಿಸುವ ವ್ಯವಸ್ಥೆ ಇಲ್ಲ.

ಹೊರಗೆ ಈ ಪ್ರಶ್ನೆಗೆ ಸ್ಪಷ್ಟ ಉತ್ತರಗಳಿವೆ. ಅಮೆರಿಕದ ಮಿಷಿಗನ್ ರಾಜ್ಯದ 2012ರ ಕಾನೂನಿನಲ್ಲಿ ದಿವಾಳಿ ಅಂಚಿನ ಊರಿಗೆ ಕಳಿಸುವ ತುರ್ತು ವ್ಯವಸ್ಥಾಪಕನ ಸಂಬಳ ರಾಜ್ಯದ್ದೇ. ಇಂಗ್ಲೆಂಡಿನಲ್ಲಿ 2023ರಲ್ಲಿ ಬರ್ಮಿಂಗ್‌ಹ್ಯಾಂ ಕೌನ್ಸಿಲ್ ಕೈಯೆತ್ತಿದಾಗ ಬಂದ ಕಮಿಷನರುಗಳ ಖರ್ಚು ಆ ಕೌನ್ಸಿಲಿನ ತಲೆಗೇ ಬಿತ್ತು. ನನ್ನ ಮತ ಮೊದಲನೆಯ ಕಡೆಗೆ. 4ನೇ ರಾಜ್ಯ ಹಣಕಾಸು ಆಯೋಗ ಸಾಲೇತರ ನಿವ್ವಳ ಸ್ವಂತ ರಾಜಸ್ವದ ಶೇ 48 ಸ್ಥಳೀಯ ಸಂಸ್ಥೆಗಳಿಗೆ ಎಂದಿತ್ತು. ಉಸ್ತುವಾರಿಯ ಖರ್ಚನ್ನು ಆ ಪಾಲಿನಿಂದ ಕತ್ತರಿಸದೆ, ರಾಜ್ಯ ತನ್ನ ಪಾಲಿನಿಂದ ಕೊಡಬೇಕು.

ಇನ್ನು ವರದಿಯನ್ನು ಓದುವವರು. ಜಿಲ್ಲಾ ಪಂಚಾಯಿತಿಯಲ್ಲಿ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ ಇರಬೇಕೆಂದು ಕಾಯ್ದೆ ಹೇಳುತ್ತದೆ. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು. ಆಡಳಿತಾಧಿಕಾರಿಗಳ ಕಾಲದಲ್ಲಿ ಆ ಸಮಿತಿಗೆ ಸದಸ್ಯರೇ ಇಲ್ಲ.