ಮಂದಣ್ಣ, ಕರ್ವಾಲೊ ಮತ್ತು ನಮ್ಮ ಖಾನಾಪುರದ ಕಾಡು



ವೈಜ್ಞಾನಿಕ ಕಾದಂಬರಿ ಎಂದೊಡನೆ ನಮ್ಮ ಕಣ್ಣ ಮುಂದೆ ರಾಕೆಟ್ಟು, ಯಂತ್ರಮಾನವ, ಅನ್ಯಗ್ರಹದ ಜೀವಿಗಳು ಬಂದು ನಿಲ್ಲುತ್ತವೆ. ಅಂಥ ಪುಸ್ತಕ ಓದುಗನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಬಲ್ಲುದು, ನಗಿಸುತ್ತಲೇ ‘ನಾನು ಯಾರು, ಈ ಜಗತ್ತು ಯಾಕೆ’ ಎಂಬ ಪ್ರಶ್ನೆಯ ಎದುರು ನಿಲ್ಲಿಸಬಲ್ಲುದು ಎಂಬುದು ಬೇಗ ಹೊಳೆಯುವುದಿಲ್ಲ. ಹಾಗೆ ಮಾಡಿದ ಎರಡು ಪುಸ್ತಕಗಳು ಒಂದೇ ವರ್ಷದ ಅಂತರದಲ್ಲಿ, ಪರಸ್ಪರ ಸಂಬಂಧವೇ ಇಲ್ಲದ ಎರಡು ನಾಡುಗಳಲ್ಲಿ ಹುಟ್ಟಿದವು. 1979ರಲ್ಲಿ ಇಂಗ್ಲೆಂಡಿನ ಡಗ್ಲಸ್ ಆಡಮ್ಸ್ ಬರೆದ ‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ ಒಂದು. 1980ರಲ್ಲಿ ಬಂದ ನಮ್ಮ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇನ್ನೊಂದು.

ಆಡಮ್ಸ್‌ನ ಕಥೆ ಮೊದಲು ಬಿಬಿಸಿ ರೇಡಿಯೊದಲ್ಲಿ 1978ರಲ್ಲಿ ನಾಟಕವಾಗಿ ಬಂದಿತ್ತು. ಅದರ ಆರಂಭ ಬೆಳಗಾವಿಯವರಿಗೆ ವಿಶೇಷವಾಗಿ ತಟ್ಟುವಂಥದು. ಒಬ್ಬ ಸಾಮಾನ್ಯ ಮನುಷ್ಯನ ಮನೆಯನ್ನು ಬೈಪಾಸ್ ರಸ್ತೆಗಾಗಿ ಕೆಡವಲು ಬುಲ್ಡೋಜರ್ ಬಂದು ನಿಂತಿರುತ್ತದೆ. ಅಷ್ಟರಲ್ಲಿ ಇಡೀ ಭೂಮಿಯನ್ನೇ ಅಂತರಿಕ್ಷದ ಬೈಪಾಸಿಗಾಗಿ ಕೆಡವಲು ಇನ್ನೊಂದು ಪಡೆ ಬರುತ್ತದೆ! ನೋಟಿಸನ್ನು ಐವತ್ತು ವರ್ಷಗಳಿಂದ ಬೇರೊಂದು ನಕ್ಷತ್ರಲೋಕದ ಕಚೇರಿಯಲ್ಲಿ ಅಂಟಿಸಿಟ್ಟಿದ್ದೆವಲ್ಲ, ನೀವೇಕೆ ಬಂದು ನೋಡಲಿಲ್ಲ ಎಂದು ಅವರ ವಾದ. ಹಲಗಾ–ಮಚ್ಛೆ ಬೈಪಾಸಿಗೆ ಫಲವತ್ತಾದ ಗದ್ದೆ ಕೊಡಲೊಲ್ಲದ ರೈತರು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದುದನ್ನು ಕಂಡ ನಮಗೆ ಈ ಹಾಸ್ಯಕ್ಕೆ ಟಿಪ್ಪಣಿ ಬೇಕಿಲ್ಲ. ಮುಂದೆ ಅದೇ ಕಾದಂಬರಿಯಲ್ಲಿ ಜೀವನ, ವಿಶ್ವ, ಸಮಸ್ತದ ಅರ್ಥವೇನೆಂದು ಮಹಾಗಣಕವೊಂದನ್ನು ಕೇಳುತ್ತಾರೆ. ಅದು ಎಪ್ಪತ್ತೈದು ಲಕ್ಷ ವರ್ಷ ಯೋಚಿಸಿ ‘42’ ಎನ್ನುತ್ತದೆ. ಉತ್ತರವೇನೋ ಸಿಕ್ಕಿತು, ಪ್ರಶ್ನೆ ಏನಿತ್ತೆಂಬುದು ಯಾರಿಗೂ ಗೊತ್ತಿಲ್ಲ.

ತೇಜಸ್ವಿಯವರು ತಮ್ಮ ಪಾತ್ರಗಳನ್ನು ಭೂಮಿ ಬಿಟ್ಟು ಎಲ್ಲಿಗೂ ಕಳಿಸಲಿಲ್ಲ. ಮೂಡಿಗೆರೆಯ ಕಡೆಯ ಕೆಸರು, ಜಿಗಣೆ, ಜೇನುಗೂಡು ಇವುಗಳ ನಡುವೆಯೇ ಇರಿಸಿದರು. ಕೃಷಿ ವಿಜ್ಞಾನಿ ಕರ್ವಾಲೊ, ಸಾಗುವಳಿಯ ಕಷ್ಟದಲ್ಲಿ ಬಳಲಿದ ನಿರೂಪಕ, ಕೆಲಸವೊಂದು ಸಿಕ್ಕರೆ ಮದುವೆಯಾಗಬಹುದೆಂದು ಆಸೆಪಡುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಫೋಟೊ ತೆಗೆಯುವ ಪ್ರಭಾಕರ, ಕಿವಿ ಎಂಬ ನಾಯಿ: ಇದೇ ಆ ಕಾದಂಬರಿಯ ಗಗನಯಾತ್ರಿಗಳ ತಂಡ! ಅವರು ಹುಡುಕಿ ಹೊರಡುವುದು ಒಂದು ಹಾರುವ ಓತಿಯನ್ನು.

ಇದು ಆಕಾಶದಿಂದ ಉದುರಿದ ಪುಸ್ತಕವಲ್ಲ. ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಮೂಲಕ ಕನ್ನಡದಲ್ಲಿ ವಿಜ್ಞಾನವನ್ನು ಹೇಳಬಹುದೆಂದು ಬಹಳ ಮೊದಲೇ ತೋರಿಸಿದ್ದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ನಗುನಗುತ್ತಾ ಕಲಿಸಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅನ್ಯಲೋಕಗಳ ಕಡೆಗೆ ಕನ್ನಡ ಕಾದಂಬರಿಯನ್ನು ಒಯ್ದವರು ‘ಮನ್ವಂತರ’ದ ರಾಜಶೇಖರ ಭೂಸನೂರಮಠರು. ಆದರೂ ಸಾಮಾನ್ಯ ಓದುಗನು ಕೈಯಿಂದ ಕೆಳಗಿಡದೆ ಓದಿದ್ದು ‘ಕರ್ವಾಲೊ’ವನ್ನೇ ಎಂದು ನನ್ನ ಅಭಿಪ್ರಾಯ. ಹತ್ತಾರು ಮುದ್ರಣಗಳನ್ನು ಕಂಡ ಪುಸ್ತಕವದು.

ನಾನು ಖಾನಾಪುರ ತಾಲೂಕಿನ ಪ್ರೌಢಶಾಲೆಗೆ ಬಿ.ಎಡ್. ಮುಗಿಸಿ ಸೇರಿದಾಗ ಈ ಪುಸ್ತಕದ ಒಂದೇ ಒಂದು ಪ್ರತಿ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ರಕ್ಷಾಪುಟ ಎಂದೋ ಹೋಗಿತ್ತು. ಮನೆಯಲ್ಲಿ ಮರಾಠಿ ಮಾತನಾಡುವ ನಮ್ಮ ಗಣಿತದ ಗುರುಗಳು ಅದನ್ನು ಬೆರಳಿಟ್ಟು ಓದುತ್ತಾ, ಮಂದಣ್ಣನ ಪೇಚಾಟ ಬಂದಲ್ಲೆಲ್ಲ ಗಟ್ಟಿಯಾಗಿ ನಗುತ್ತಿದ್ದರು. ಮಲೆನಾಡಿನ ಆಡುಮಾತು ನಮ್ಮ ಕಡೆಯವರಿಗೆ ಪರಕೀಯ. ಆದರೂ ನಗೆಗೆ ಅಡ್ಡಿಯಾಗಲಿಲ್ಲ. ಶನಿವಾರದ ಕೊನೆಯ ಅವಧಿಯಲ್ಲಿ ನಾನು ಒಂಬತ್ತನೆಯ ತರಗತಿಗೆ ಅದನ್ನು ಓದಿ ಹೇಳತೊಡಗಿದೆ. ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ಕಡೆಯ ಮಕ್ಕಳು ಆ ತರಗತಿಯಲ್ಲಿದ್ದರು. ಪೇಟೆಯ ಹುಡುಗರು ಮಂದಣ್ಣನನ್ನು ಕಂಡು ನಕ್ಕರು. ಕಾಡಂಚಿನ ಮಕ್ಕಳು ನಕ್ಕದ್ದು ಅವನಿಗೆ ಗೊತ್ತಿದ್ದದ್ದು ಉಳಿದವರಿಗೆ ಗೊತ್ತಿಲ್ಲವಲ್ಲ ಎಂದು. ಈ ವ್ಯತ್ಯಾಸ ನನ್ನ ಗಮನಕ್ಕೆ ಬಂದದ್ದು ಎರಡನೆಯ ವರ್ಷ ಅದೇ ಪುಸ್ತಕ ಓದುವಾಗ. ಒಬ್ಬ ಹುಡುಗ ಎದ್ದು ನಿಂತು, “ಸರ್ರ, ಹಂಗ ಹಾರೂ ಓತಿಕ್ಯಾತ ನಮ್ಮ ಕಾಡಿನ್ಯಾಗೂ ಐತ್ರಿ. ನಾ ನೋಡೀನಿ” ಎಂದ. ತರಗತಿಯೆಲ್ಲ ನಕ್ಕಿತು. ಅವನು ಮಾತ್ರ ನಗಲಿಲ್ಲ.

ಅವನು ಹೇಳಿದ್ದರಲ್ಲಿ ಸೋಜಿಗವೇನೂ ಇರಲಿಲ್ಲ. ಕೇರಳದಿಂದ ಗೋವೆಯವರೆಗಿನ ಪಶ್ಚಿಮಘಟ್ಟದ ಕಾಡುಗಳಲ್ಲಿ ಹಾರುವ ಓತಿ ಇದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಚರ್ಮವನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಮುಖ್ಯ ಆಹಾರ ಇರುವೆ. ಫ್ರೆಂಚ್ ವಿಜ್ಞಾನಿಗಳಾದ ದ್ಯುಮೆರಿಲ್ ಮತ್ತು ಬಿಬ್ರೊನ್ 1837ರಲ್ಲಿಯೇ ಅದನ್ನು ‘ಡ್ರಾಕೊ ಡುಸುಮಿಯೆರಿ’ ಎಂದು ಹೆಸರಿಸಿದ್ದರು. ಕಾದಂಬರಿಯಲ್ಲಾದರೋ ಅದು ಜೀವವಿಕಾಸದ ಅತಿ ಪ್ರಾಚೀನ ಕೊಂಡಿಯಾಗಿ, ಕಾಲದ ಆಚೆಯಿಂದ ಬಂದು ಕುಳಿತ ಜೀವಿಯಾಗಿ ಬೆಳೆಯುತ್ತದೆ. ‘ಕರ್ವಾಲೊ’ವನ್ನು ವೈಜ್ಞಾನಿಕ ಕಾದಂಬರಿ ಎನ್ನಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲಿದೆ. ಇದ್ದ ಜೀವಿಯೊಂದನ್ನು ಹಿಡಿದು, ಅದರೊಳಗೆ ಕೋಟ್ಯಂತರ ವರ್ಷಗಳನ್ನು ತುಂಬಿದ್ದೇ ತೇಜಸ್ವಿಯವರ ಕಲ್ಪನೆ. ಅದಕ್ಕೆ ರಾಕೆಟ್ಟಿನ ಅಗತ್ಯವಿಲ್ಲ. ಕೊನೆಯಲ್ಲಿ ಅಷ್ಟೆಲ್ಲ ಪಾಡುಪಟ್ಟು ಹುಡುಕಿದ ಓತಿ ಕಣ್ಣೆದುರೇ ಕಣಿವೆಗೆ ಹಾರಿಹೋಗುತ್ತದೆ. ಅಲ್ಲಿಯವರೆಗೆ ನಕ್ಕ ತರಗತಿ ಆ ಪುಟದಲ್ಲಿ ಪ್ರತಿವರ್ಷವೂ ಮೌನವಾಗುತ್ತಿತ್ತು. ಅನಂತರ ಜಗಳ: ಹಿಡಿಯಬೇಕಿತ್ತು ಎಂದು ಕೆಲವರು, ಬೇಡವಾಗಿತ್ತು ಎಂದು ಕೆಲವರು. ನಾನು ತೀರ್ಪು ಕೊಡುತ್ತಿರಲಿಲ್ಲ.

ಇನ್ನೊಂದು ಮಾತು. ಡಗ್ಲಸ್ ಆಡಮ್ಸ್ ಕೂಡ ತನ್ನ ಗ್ರಹತಾರೆಗಳ ಹಾಸ್ಯದ ನಡುವೆಯೇ ಮಾರ್ಕ್ ಕಾರ್ವರ್ಡೈನ್ ಎಂಬ ಪ್ರಾಣಿಶಾಸ್ತ್ರಜ್ಞನೊಡನೆ ಅಳಿವಿನಂಚಿನ ಪ್ರಾಣಿಗಳನ್ನು ಹುಡುಕುತ್ತಾ ಮಡಗಾಸ್ಕರ್, ನ್ಯೂಜಿಲೆಂಡ್ ಎಂದು ಅಲೆದನು. ಆ ಪ್ರವಾಸಗಳ ಪುಸ್ತಕ ‘ಲಾಸ್ಟ್ ಚಾನ್ಸ್ ಟು ಸೀ’ 1990ರಲ್ಲಿ ಬಂತು. ಮೂಡಿಗೆರೆಯವರು ಹತ್ತು ವರ್ಷ ಮೊದಲೇ ಕಾದಂಬರಿಯಲ್ಲಿ ಹೊರಟಿದ್ದ ದಾರಿಗೆ ಅವನೂ ಬಂದನೆಂದು ಸಂತೋಷಪಡಬಹುದು.

ನಮ್ಮ ಖಾನಾಪುರಕ್ಕೂ ಇಂಥದೇ ಒಂದು ಕಥೆಯಿದೆ, ಕಾದಂಬರಿಯಲ್ಲ. ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಬಳಿ ಬಾರಾಪೇಡೆ ಎಂಬ ಗುಹೆಗಳಿವೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯ ಕಾಲದಲ್ಲಿ ಅಲ್ಲಿ ದೊರೆತ ದೊಡ್ಡ ಕಿವಿಯ ಬಾವಲಿಯನ್ನು 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಪ್ರಭೇದವೆಂದು ಪ್ರಕಟಿಸಿದರು. ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರನ್ನು ಅದಕ್ಕಿಟ್ಟರು. ದಶಕಗಟ್ಟಲೆ ಆ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಕಾಣಲಿಲ್ಲ. ಬಹಳ ತಡವಾಗಿ ಮೇಘಾಲಯದಲ್ಲೂ ಕಾಂಬೋಡಿಯದಲ್ಲೂ ಸಿಕ್ಕಿತು. ಇಷ್ಟು ಓದಿದ ಮೇಲೆ ‘ಕರ್ವಾಲೊ’ ಓದಿದವನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಆ ಗುಹೆಯ ದಾರಿ ಬಲ್ಲ ಮಂದಣ್ಣ ಯಾರು? ತೇಜಸ್ವಿಯವರ ಪುಸ್ತಕದಲ್ಲಿ ವಿಜ್ಞಾನಿಯ ಬೆನ್ನಿಗೆ ಮಂದಣ್ಣ ಹೋಗುವುದಿಲ್ಲ, ಮಂದಣ್ಣನ ಬೆನ್ನಿಗೆ ವಿಜ್ಞಾನಿ ಹೋಗುತ್ತಾನೆ. ಕರ್ವಾಲೊ ದೊಡ್ಡವನಾಗಿ ಕಾಣುವುದು ಅದನ್ನು ಬಲ್ಲವನಾದ್ದರಿಂದ.

ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು. ಈಚಿನ ವರ್ಷಗಳಲ್ಲಿ ತಳೇವಾಡಿಯ ಕುಟುಂಬಗಳಿಗೆ ಪರಿಹಾರ ಕೊಟ್ಟು ಕಾಡಿನ ಹೊರಗೆ ನೆಲೆಗೊಳಿಸುವ ಕೆಲಸ ನಡೆದಿದೆ. ಮಳೆಗಾಲದಲ್ಲಿ ರಸ್ತೆಯಿಲ್ಲದೆ ಗರ್ಭಿಣಿಯರನ್ನು, ರೋಗಿಗಳನ್ನು ಹೊತ್ತು ತರಬೇಕಾದ ಊರವರು ಆಸ್ಪತ್ರೆ, ಶಾಲೆ ಬೇಕೆಂದು ಹೊರಬಂದರೆ ಅದನ್ನು ತಪ್ಪೆನ್ನಲು ನಾನು ಯಾರು? ಕಾಡಿಗೂ ಅದರಿಂದ ಒಳಿತಾಗಬಹುದು. ಆದರೆ ಯಾವ ಮರ ಯಾವಾಗ ಹೂ ಬಿಡುತ್ತದೆ, ಯಾವ ಪೊಟರೆಯಲ್ಲಿ ಏನಿದೆ ಎಂಬ ತಿಳಿವಳಿಕೆಗೆ ಪರಿಹಾರದ ಪಟ್ಟಿಯಲ್ಲಿ ಅಂಕಣವಿಲ್ಲ.

ಖಾನಾಪುರದಲ್ಲೇ ಉಳಿದಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮನೆಪಾಠ ಕೊಡುತ್ತೇನೆ, ಬೇಸರಿಸಬೇಡಿ. ಹೊರಬಂದು ನೆಲೆಸಿದ ಆ ಹಿರಿಯರ ಬಳಿ ಒಂದು ನೋಟುಪುಸ್ತಕ ಹಿಡಿದು ಹೋಗಿ ಕುಳಿತುಕೊಳ್ಳಿ. ಅವರು ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲಿ, ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲಿ ಬರೆದುಕೊಳ್ಳಿ. ಹೇಳಿದವರ ಹೆಸರನ್ನು ಪುಟದ ಮೇಲ್ಭಾಗದಲ್ಲಿ ಬರೆಯುವುದನ್ನು ಮರೆಯಬೇಡಿ.