ವಿಮಾನದ ನೊಗ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹೊಸದೇನಲ್ಲ. ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಮೊದಲು ಬಂದದ್ದು 1982ರಲ್ಲಿ. ಆದರೆ ಬರೀ ಕೀಬೋರ್ಡ್ ಕುಟ್ಟುತ್ತಾ ಎಷ್ಟು ದಿನ ಹಾರುವುದು? ಕೊನೆಗೊಂದು ದಿನ ಕೈಗೆ ‘ಯೋಕ್’ ಬೇಕು ಅನ್ನಿಸುತ್ತದೆ. ಯೋಕ್ ಅಂದರೆ ನಮ್ಮ ಭಾಷೆಯಲ್ಲಿ ನೊಗ. ಪೈಲಟ್ ಹಿಡಿಯುವ ಅರ್ಧ ಸ್ಟೀರಿಂಗಿನಂಥ ಹಿಡಿಕೆಗೆ ಅದೇ ಹೆಸರು. ತಿರುಗಿಸಿದರೆ ವಿಮಾನ ಪಕ್ಕಕ್ಕೆ ವಾಲುತ್ತದೆ, ಎಳೆದರೆ ಮೂತಿ ಮೇಲೇಳುತ್ತದೆ, ದೂಡಿದರೆ ಇಳಿಯುತ್ತದೆ.

ಅಂಗಡಿಯ ಯೋಕ್ ದುಬಾರಿ. ಆದರೆ ನಮ್ಮ ಚೆಂಬೂರಿನ ಪುಟ್ಟ ಫ್ಲ್ಯಾಟಿನಲ್ಲೂ ಇದನ್ನು ಮಾಡಿಕೊಳ್ಳಬಹುದು ನೋಡಿ. ಪಿ.ವಿ.ಸಿ. ಪೈಪು, ಮೇಜಿನ ಡ್ರಾಯರಿಗೆ ಹಾಕುವ ಚಾನೆಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಎರಡು ಪೊಟೆನ್ಶಿಯೋಮೀಟರ್ (ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗಿಸುತ್ತಿದ್ದೆವಲ್ಲ, ಅದೇ) ಮತ್ತು ಆರ್ಡುಯಿನೋ ಲಿಯೊನಾರ್ಡೋ ಎಂಬ ಚಿಕ್ಕ ಬೋರ್ಡು ಸಿಗುತ್ತವೆ. ತಕ್ಕ ಪ್ರೋಗ್ರಾಮು ತುಂಬಿ ಯು.ಎಸ್.ಬಿ.ಗೆ ಚುಚ್ಚಿದರೆ ಕಂಪ್ಯೂಟರು ಅದನ್ನು ಜಾಯ್‌ಸ್ಟಿಕ್ ಎಂದೇ ನಂಬುತ್ತದೆ. ಕೈ ಬಿಟ್ಟಾಗ ಯೋಕ್ ನಡುವಿಗೆ ಮರಳಲು ಸ್ಪ್ರಿಂಗೋ ರಬ್ಬರ್ ಬ್ಯಾಂಡೋ ಬೇಕು. ನಿಜವಾದ ತಲೆನೋವು ಶುರುವಾಗುವುದು ಇಲ್ಲೇ. ಎಷ್ಟು ಬಿಗಿ ಇರಬೇಕು?

ಇದು ಚಿಲ್ಲರೆ ಪ್ರಶ್ನೆಯಲ್ಲ. ಇದರ ಹಿಂದೆ ನೂರು ವರ್ಷದ ಚರಿತ್ರೆಯಿದೆ.

ಸಿಮ್ಯುಲೇಟರು ಹುಟ್ಟಿದ್ದೇ ಹೀಗೆ ಕೈಗೆ ಸಿಕ್ಕ ಸಾಮಾನಿನಿಂದ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಅವರ ತಂದೆಗೆ ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆಯಿತ್ತು. ಅಲ್ಲಿನ ಗಾಳಿತಿದಿಗಳನ್ನೇ ಬಳಸಿ ಲಿಂಕ್ 1929ರ ಹೊತ್ತಿಗೆ ನೆಲದ ಮೇಲೇ ವಾಲಾಡುವ ಪುಟ್ಟ ‘ವಿಮಾನ’ ಕಟ್ಟಿದರು. ಮೊದಮೊದಲು ಅದನ್ನು ಕೊಂಡವರು ಮನರಂಜನಾ ಪಾರ್ಕಿನವರು! 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆ ಸಾಗಿಸುವ ಕೆಲಸ ಬಿತ್ತು. ಕೆಟ್ಟ ಹವೆಯಲ್ಲಿ, ಕತ್ತಲಲ್ಲಿ ಹಾರಿ ಅಭ್ಯಾಸವಿಲ್ಲದ ಪೈಲಟ್‌ಗಳಲ್ಲಿ ಹತ್ತಕ್ಕೂ ಹೆಚ್ಚು ಜನ ಕೆಲವೇ ವಾರಗಳಲ್ಲಿ ಸತ್ತರು. ಆಮೇಲಷ್ಟೇ ಸೈನ್ಯ ಆರು ಲಿಂಕ್ ಯಂತ್ರಗಳನ್ನು ಕೊಂಡಿತು. ಆಟಿಕೆ ಪಾಠಶಾಲೆಯಾಯಿತು.

ಆ ಕಾಲದ ವಿಮಾನಗಳಲ್ಲಿ ಬಿಗಿ ಎಷ್ಟು ಎಂಬ ಪ್ರಶ್ನೆಯೇ ಇರಲಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ನಮ್ಮ ಜುಹೂವಿಗೆ ಬಂದಿಳಿದರು. ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮಾರ್ಗವಾಗಿ ಮದರಾಸಿಗೆ ಒಯ್ದರು. ಅವರ ಪುಸ್ ಮಾತ್ ವಿಮಾನದಲ್ಲಿ ಪೈಲಟ್ ಹಿಡಿದ ಕೋಲಿನಿಂದ ರೆಕ್ಕೆ, ಬಾಲಗಳ ಹಲಗೆಗಳಿಗೆ ನೇರ ಸಂಪರ್ಕ. ವೇಗ ಹೆಚ್ಚಿದರೆ ಕೋಲು ಬಿಗಿ, ತಗ್ಗಿದರೆ ಸಡಿಲ. ಉಳುವವನಿಗೆ ಮೇಳಿಯಲ್ಲಿ ನೆಲದ ಗಟ್ಟಿತನ ತಿಳಿಯುವ ಹಾಗೆ ಪೈಲಟ್‌ಗೆ ಅಂಗೈಯಲ್ಲೇ ಗಾಳಿ ತಿಳಿಯುತ್ತಿತ್ತು.

ಜಂಬೋ 747ರ ಗಾತ್ರಕ್ಕೆ ಬರುವಾಗ ಮನುಷ್ಯನ ತೋಳ್ಬಲ ಸಾಲದಾಯಿತು. ಹಲಗೆಗಳನ್ನು ದೂಡುವುದು ಹೈಡ್ರಾಲಿಕ್ ಯಂತ್ರದ ಕೆಲಸ. ಪೈಲಟ್‌ನ ಕೈಗೆ ತಗಲುವ ಭಾರವನ್ನು ಬೇರೆಯಾಗಿಯೇ ತಯಾರಿಸಿ ಕೊಡಬೇಕಾಯಿತು. ಏರ್‌ಬಸ್ ಎ-320 (1988ರಲ್ಲಿ ಸೇವೆಗೆ ಬಂತು) ಇನ್ನೂ ಮುಂದೆ ಹೋಯಿತು. ಅದರಲ್ಲಿ ಯೋಕೇ ಇಲ್ಲ. ಪಕ್ಕದಲ್ಲೊಂದು ಪುಟ್ಟ ಕೋಲು, ಅದರೊಳಗೆ ಸ್ಪ್ರಿಂಗು, ಉಳಿದದ್ದು ಕಂಪ್ಯೂಟರು. ಒಬ್ಬ ಪೈಲಟ್ ಕೋಲು ಎಳೆದದ್ದು ಇನ್ನೊಬ್ಬನ ಕೋಲಿನಲ್ಲಿ ಗೊತ್ತಾಗದು. ಇಂಜಿನ್ನಿನ ಶಕ್ತಿ ತಾನಾಗಿ ಏರಿಳಿಯುವಾಗಲೂ ಅದರ ಲಿವರು ಇದ್ದಲ್ಲೇ ಇರುತ್ತದೆ.

1990ರ ಫೆಬ್ರವರಿ 14 ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮುಂಬಯಿಯಿಂದ ಬೆಂಗಳೂರಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಎ-320 ರನ್‌ವೇ ಮುಟ್ಟುವ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಇದ್ದ 146 ಜನರಲ್ಲಿ 92 ಮಂದಿ ಸತ್ತರು. ನಾವು ಊರಿಗೆ ಹೋಗುವ ದಾರಿ ಅದು... ಇಳಿಯುವಾಗ ಇಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿದ್ದವು, ಪೈಲಟ್‌ಗಳು ಅದನ್ನು ಸಮಯಕ್ಕೆ ಗಮನಿಸಲಿಲ್ಲ ಎಂದಿತು ನ್ಯಾಯಮೂರ್ತಿ ಶಿವಶಂಕರ ಭಟ್ ಅವರ ತನಿಖೆ. ಕದಲದ ಲಿವರೇ ಕಾರಣ ಎಂದುಬಿಡುವುದು ಅನ್ಯಾಯ. ಎ-320 ಇಂದಿಗೂ ಲೋಕದ ತುಂಬ ಸುರಕ್ಷಿತವಾಗಿ ಹಾರುತ್ತಿದೆ. ಆದರೂ ಒಂದು ಮಾತು ನಿಜ. ಕೈಗೆ ತಿಳಿಯುತ್ತಿದ್ದ ವಿಷಯವೊಂದು ಅಂದಿನಿಂದ ಕಣ್ಣಿನ ಪಾಲಿಗೆ ಹೋಯಿತು. ಕಣ್ಣಿಗೆ ಬೇರೆ ಕೆಲಸಗಳೂ ಇರುತ್ತವೆ.

ಹಾಗಾದರೆ ಪಿ.ವಿ.ಸಿ. ಪೈಪಿನ ಯೋಕ್ ಬರೀ ನಕಲಿಯೇ? ಅದರ ರಬ್ಬರ್ ಬ್ಯಾಂಡಿಗೆ ವಿಮಾನದ ವೇಗ ಗೊತ್ತಿಲ್ಲ, ನಿಜ. ಏರ್‌ಬಸ್‌ನ ಕೋಲಿನೊಳಗಿನ ಸ್ಪ್ರಿಂಗಿಗೂ ಗೊತ್ತಿಲ್ಲವಲ್ಲ! ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಆಮೇಲೆ ಕಂಪ್ಯೂಟರಿಗೆ ಬಂದ ನನ್ನಂಥವರಿಗೆ ಈ ಬದಲಾವಣೆ ಬೇಗ ಅರ್ಥವಾಗುತ್ತದೆ. ಕೆಲಸ ಹಗುರವಾದಾಗ ಸುಳಿವೂ ಕಮ್ಮಿಯಾಗುತ್ತದೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಊಟ ಬಿಟ್ಟು ಸ್ಪ್ರಿಂಗ್ ಬದಲಿಸುತ್ತಾ ಕೂತಿದ್ದರೆ ಬೈಯಬೇಡಿ. ಕೈಗೆ ಏನು ತಿಳಿಯಬೇಕು, ಎಷ್ಟು ತಿಳಿಯಬೇಕು ಎಂಬುದು ದೊಡ್ಡ ದೊಡ್ಡ ಇಂಜಿನಿಯರುಗಳೂ ತಲೆ ಕೆಡಿಸಿಕೊಂಡ ಲೆಕ್ಕ.